ಕಾಡುಗೆಣಸು ಆಳಕ್ಕಿಳಿದು ಕಹಿಯಾದದ್ದು

ಭೂಮಿ ಆಗಷ್ಟೇ ತಣ್ಣಗಾಗಿತ್ತು. ಬೆಟ್ಟದ ಮಣ್ಣು ಇನ್ನೂ ಹಿಟ್ಟಿನ ಹಾಗೆ ಮೆತ್ತಗಿತ್ತು. ಯಾವ ಕಡೆ ಹೋಗಬೇಕು ಅಂತ ಹಳ್ಳಗಳು ಗಾಳಿಯನ್ನು ಕೇಳಿಕೊಂಡು ಹರಿಯುತ್ತಿದ್ದವು. ಆಗಿನ ಮಾತು ಇದು, ಕೂಸೆ.

ಆಗ ಕಾಡುಗೆಣಸು ಮಣ್ಣಿನೊಳಗೆ ಇರುತ್ತಿರಲಿಲ್ಲ. ತರಗೆಲೆ ಹೊದ್ದುಕೊಂಡು ನೆಲದ ಮೇಲೆ, ಎಳೆಗರು ಮಲಗಿದ ಹಾಗೆ ಮಲಗಿರುತ್ತಿತ್ತು. ತೆಳ್ಳನೆಯ ಸಿಪ್ಪೆ, ಒಳಗೆಲ್ಲ ಸಿಹಿ. ಮಕ್ಕಳು ಬರಿಗೈಯಲ್ಲೇ ಎತ್ತಿಕೊಂಡು ಬರುತ್ತಿದ್ದರು.

ಬೆಟ್ಟದ ಮಧ್ಯದಲ್ಲಿ ಒಂದು ಪೋಡು ಇತ್ತು. ಕಾಡಿನ ಜನ ತಮ್ಮ ಹಟ್ಟಿಗೆ ಪೋಡು ಅನ್ನುತ್ತಾರೆ. ಅಲ್ಲಿ ಕುಂಬಿ ಅನ್ನುವ ಹೆಂಗಸು, ಅವಳ ಗಂಡ ಅಚ್ಚುಗ, ಮಗಳು ಕ್ಯಾತಿ. ಕ್ಯಾತಿ ಆಗಿನ್ನೂ ಸೊಂಟದ ಮೇಲಿನ ಕೂಸು.

ಕುಂಬಿ ಬುಟ್ಟಿ ಹಿಡಿದು ಮೇಲಿನ ಕಾಡಿಗೆ ಹೋದರೆ ಗೆಣಸೇ ಮೊದಲು ಮಾತಾಡಿಸುತ್ತಿತ್ತು.

"ಬಂದ್ಯಾ ಕುಂಬಿ?"

"ಬಂದೆ. ಮಗೀಗೆ ಹಲ್ಲು ಬರ್ತಾವೆ. ಮೆತ್ತಗಿರೋದು ಕೊಡು."

"ತಗೋ. ನನ್ನ ತಲೆ ಮಾತ್ರ ಬಿಟ್ಟು ಹೋಗು."

ಕುಂಬಿ ಗೆಣಸನ್ನು ಮುರಿದುಕೊಂಡು, ಬಳ್ಳಿಯ ಬುಡದ ತಲೆಯನ್ನು ಅಲ್ಲೇ ಬಿಟ್ಟು, ಮೇಲೆ ತರಗೆಲೆ ಎಳೆಯುತ್ತಿದ್ದಳು. ಹಂದಿ ಬಂದರೆ ಕೋಲು ಬೀಸಿ ಓಡಿಸುತ್ತಿದ್ದಳು. ಮಳೆ ಬಂದು ಹೋಗುವಷ್ಟರಲ್ಲಿ ಆ ತಲೆಯಿಂದ ಹೊಸ ಗೆಣಸು ಬೆಳೆದಿರುತ್ತಿತ್ತು.

ಹೀಗಿರುವಾಗ ಬಯಲಿನ ದೊರೆಗೆ ಬೆಟ್ಟದ ಮೇಲೆ ಆಸೆಯಾಯಿತು. ಮೇಲಿನ ಕಾಡೆಲ್ಲ ತನ್ನ ಬೇಟೆಗೇ ಇರಬೇಕು, ಬೇರೆ ಯಾರ ಹೆಜ್ಜೆಯೂ ಬೀಳಬಾರದು ಅಂತ. ಅವನ ಕಡೆಯ ಒಬ್ಬ ಎತ್ತಿನ ಮೇಲೆ ಮೂಟೆ ಹೇರಿಕೊಂಡು ಪೋಡಿಗೆ ಬಂದ. ಮೂಟೆ ಬಿಚ್ಚಿದ. ಒಳಗೆ ಅಕ್ಕಿ. ಬೆಟ್ಟದವರು ಅಷ್ಟು ಬೆಳ್ಳಗಿನ ಕಾಳನ್ನು ಅದುವರೆಗೆ ನೋಡಿರಲಿಲ್ಲ.

"ಗೆಣಸು ಹುಡುಕ್ಕೊಂಡು ಯಾಕೆ ಬೆಟ್ಟ ಹತ್ತಿ ಇಳೀತೀರಿ?" ಅಂದ ಅವನು. "ಅಮಾವಾಸ್ಯೆಗೊಂದು ಸಲ ಅಕ್ಕಿ ಬರುತ್ತೆ. ಕೂತಲ್ಲೇ ಉಣ್ಣಿ. ಮೇಲಿನ ಕಾಡಿಗೆ ಮಾತ್ರ ಕಾಲಿಡಬೇಡಿ."

"ನಮ್ಮ ಸಾಮೆ ಹೊಲವೂ ಮೇಲೇ ಐತಲ್ಲ?" ಅಂದ ಅಚ್ಚುಗ.

"ಅಕ್ಕಿ ಇರುವಾಗ ಸಾಮೆ ಯಾಕೆ?"

ಅವನ ಹಿಂದೆ ಈಟಿ ಹಿಡಿದವರು ನಿಂತಿದ್ದರು. ಅಚ್ಚುಗ ಅಕ್ಕಿಯನ್ನೂ ನೋಡಿದ, ಈಟಿಗಳನ್ನೂ ನೋಡಿದ. "ಆಯ್ತು" ಅಂದ.

ಅಕ್ಕಿ ರುಚಿಯಾಗಿತ್ತು, ಕೂಸೆ. ಸುಳ್ಳು ಹೇಳಬಾರದು. ಬೇಗ ಬೇಯುತ್ತಿತ್ತು, ನಾಲಿಗೆಯ ಮೇಲೆ ಮೆತ್ತಗೆ ಕೂರುತ್ತಿತ್ತು. ಕ್ಯಾತಿ ಅನ್ನ ಉಂಡೇ ದೊಡ್ಡವಳಾದಳು. ಸಾಮೆಯ ಬಿತ್ತನೆ ಬೀಜಕ್ಕೆ ಮಡಕೆಯಲ್ಲೇ ಹುಳ ಹಿಡಿಯಿತು. ಯಾರೂ ಅದನ್ನು ತೆಗೆದು ನೋಡಲಿಲ್ಲ.

ಗಾಳಿ ಒಂದು ದಿನ ಇಳಿದು ಬಂತು. "ಕುಂಬಿ, ಗೆಣಸು ನಿನ್ನ ಕೇಳ್ತಾ ಇದೆ."

"ಕಾವಲು ಹಾಕವ್ರೆ. ಹೆಂಗೆ ಬರ್ಲಿ?"

ಆದರೂ ಮನಸ್ಸು ತಡೆಯದೆ ಒಮ್ಮೆ ಕಳ್ಳತನದಲ್ಲಿ ಹೋಗಿ ಒಂದು ಗೆಣಸು ತಂದು ಸುಟ್ಟು ಮಗಳ ಕೈಗೆ ಕೊಟ್ಟಳು. ಕ್ಯಾತಿ ಕಚ್ಚಿ ಉಗಿದುಬಿಟ್ಟಳು.

"ಥೂ, ಮಣ್ಣು ವಾಸ್ನೆ ಕಣವ್ವ. ನಂಗೆ ಅನ್ನ ಕೊಡು."

ಕುಂಬಿ ನಕ್ಕಳು. ಇದಕ್ಕಾಗಿ ಈಟಿಯ ಮುಂದೆ ಯಾಕೆ ಹೋಗಲಿ ಅಂದುಕೊಂಡು ಮತ್ತೆ ಆ ಕಡೆ ಹೋಗಲಿಲ್ಲ.

ಮೇಲಿನ ಕಾಡಿನಲ್ಲಿ ಹಂದಿಗಳಿಗೆ ಹಬ್ಬವಾಯಿತು. ಓಡಿಸುವವರಿಲ್ಲ. ಅವು ಗೆಣಸನ್ನೂ ತಿಂದವು, ತಲೆಯನ್ನೂ ತಿಂದವು. ಒಂದೊಂದೇ ಬಳ್ಳಿ ಒಣಗುತ್ತಾ ಹೋಯಿತು. ಉಳಿದ ಗೆಣಸುಗಳು ನಡುಗಿ ಮಣ್ಣನ್ನು ಕರೆದವು.

"ಅವ್ವಾ, ನಮ್ಮ ಬಚ್ಚಿಡು."

"ಎಷ್ಟು ಆಳಕ್ಕೆ?"

"ಹಂದಿ ಮೂತಿ ಮುಟ್ಟದಷ್ಟು ಆಳಕ್ಕೆ."

ಮಣ್ಣು ಹೇಳಿತು, "ಅಲ್ಲಿ ಬಿಸಿಲಿಲ್ಲ. ಬರೀ ಕಹಿ. ಅದು ನಿಮಗೂ ಹತ್ತುತ್ತೆ."

"ಹತ್ತಲಿ. ಜೀವ ಉಳಿದರೆ ಸಾಕು."

ಮಣ್ಣು ಬಾಯಿ ತೆರೆಯಿತು. ಗೆಣಸುಗಳು ಇಳಿದವು. ಮೇಲೆ ಬಳ್ಳಿ ಮಾತ್ರ ಉಳಿಯಿತು.

ಅಷ್ಟರಲ್ಲಿ ಬಯಲಿನ ದೊರೆ ಸತ್ತ. ಅವನ ಮಗ ಗದ್ದುಗೆಗೆ ಬಂದ. ಅಮಾವಾಸ್ಯೆ ಬಂತು, ಎತ್ತು ಬರಲಿಲ್ಲ. ಮುಂದಿನ ಅಮಾವಾಸ್ಯೆಗೂ ಬರಲಿಲ್ಲ. ಅಚ್ಚುಗ ಖಾಲಿ ಚೀಲ ಹೆಗಲಿಗೆ ಹಾಕಿಕೊಂಡು ಬಯಲಿಗೆ ಇಳಿದು ಕೇಳಿದ.

"ಅಕ್ಕಿಯಾ?" ಅಂದ ಹೊಸ ದೊರೆ. "ನಾನು ಯಾರಿಗೂ ಮಾತು ಕೊಟ್ಟಿಲ್ಲವಲ್ಲ."

"ಹಂಗಾದ್ರೆ ಕಾಡಿಗೆ ಬಿಡಿ, ಸ್ವಾಮಿ."

"ಕಾಡು ನಮ್ಮದು."

ಅಚ್ಚುಗ ಅದೇ ಖಾಲಿ ಚೀಲ ಹೊತ್ತುಕೊಂಡು ಬೆಟ್ಟ ಹತ್ತಿದ.

ಪೋಡಿನಲ್ಲಿ ಒಲೆಗಳು ಆರಿದವು. ಪೋಡಿನ ಸುತ್ತಿನ ಸೊಪ್ಪೂ ಮುಗಿಯಿತು. ಕ್ಯಾತಿಗೆ ಎದ್ದು ಕೂರಲೂ ಆಗುತ್ತಿರಲಿಲ್ಲ. ಕುಂಬಿ ಅಗೆಯುವ ಕೋಲು ತೆಗೆದುಕೊಂಡು, ಕಾವಲಿನವರ ಕಣ್ಣು ತಪ್ಪಿಸಿ ಮೇಲಿನ ಕಾಡು ಹೊಕ್ಕಳು. ತರಗೆಲೆ ಸರಿಸಿ ನೋಡಿದಳು. ಬರೀ ನೆಲ.

"ಗೆಣಸೇ, ಎಲ್ಲಿದ್ದೀಯ?"

ದನಿ ಎಲ್ಲೋ ಪಾತಾಳದಿಂದ ಬಂತು. ಆ ಕಡೆಗೆ ಅಗೆದಳು. ಮೊಣಕಾಲು ಮುಳುಗುವಷ್ಟು, ಸೊಂಟ ಮುಳುಗುವಷ್ಟು. ಉಗುರು ಕಿತ್ತುಬಂತು. ಕೊನೆಗೆ ಗೆಣಸು ಕೈಗೆ ಸಿಕ್ಕಿತು. ಒರಟು ಸಿಪ್ಪೆ, ಮೈಮೇಲೆಲ್ಲ ಬೇರು.

"ಇಷ್ಟು ಆಳಕ್ಕೆ ಯಾಕೆ ಹೋದೆ?" ಅಂದಳು ಕುಂಬಿ.

"ನೀನು ಯಾಕೆ ಬರಲಿಲ್ಲ?" ಅಂದಿತು ಗೆಣಸು.

ಕುಂಬಿ ಗೆಣಸಿನ ಮೈಯ ಮಣ್ಣು ಒರೆಸಿದಳು.

"ಇನ್ಮೇಲೆ ಬರ್ತೀನಿ. ಮೇಲಕ್ಕೆ ಬಂದ್ಬಿಡು."

"ಆಗಲ್ಲ ಕುಂಬಿ. ಬೇರು ಇಳಿದುಬಿಟ್ಟಿದೆ."

ಮನೆಗೆ ತಂದು ಹೆಚ್ಚಿ ಬೇಯಿಸಿ ತಾನೇ ಮೊದಲು ಬಾಯಿಗೆ ಹಾಕಿಕೊಂಡಳು. ನಾಲಿಗೆ ಉರಿದುಹೋಯಿತು. ಗಂಟಲು ಕಟ್ಟಿತು. ಹೋಳುಗಳನ್ನೆಲ್ಲ ಬುಟ್ಟಿಗೆ ಸುರಿದುಕೊಂಡು ಹಳ್ಳಕ್ಕೆ ಓಡಿದಳು.

"ಇದರ ಕಹಿ ತೊಳೆದುಕೊಡು."

"ಇಲ್ಲಿ ಕಟ್ಟಿಟ್ಟು ಹೋಗು" ಅಂದಿತು ಹಳ್ಳ. "ಬೆಳಗಾದ ಮೇಲೆ ತಗೊಂಡು ಹೋಗು."

"ಬೆಳಗಾಗೋವರೆಗೂ ಕಾಯಕ್ಕಾಗಲ್ಲ. ಮಗು ಹಸಿದದೆ. ಈಗ್ಲೇ ತೊಳಿ."

"ನಾನು ಹರಿಯೋದೇ ಇಷ್ಟು ಕಣವ್ವ. ನಿನ್ನ ಹಸಿವು ನೋಡಿ ಜೋರಾಗಿ ಹರಿಯೋಕೆ ನಂಗೆ ಬರಲ್ಲ."

ಕುಂಬಿ ಬುಟ್ಟಿಯನ್ನು ಕಲ್ಲಿಗೆ ಕಟ್ಟಿ ಮನೆಗೆ ಬಂದಳು. ಕ್ಯಾತಿ ಕಣ್ಣು ಬಿಟ್ಟು ಕೇಳಿದಳು, "ಅನ್ನ ಬಂತೇನವ್ವ?"

"ಬೆಳಿಗ್ಗೆ ಗೆಣಸು ಕೊಡ್ತೀನಿ ಮಗ."

"ಕೊಡು. ಮಣ್ಣು ವಾಸ್ನೆ ಇದ್ರೂ ತಿಂತೀನಿ."

ಬೆಳಕು ಹರಿಯುತ್ತಲೇ ಕುಂಬಿ ಹಳ್ಳಕ್ಕೆ ಹೋದಳು. ಒಂದು ಹೋಳು ಬಾಯಿಗೆ ಹಾಕಿಕೊಂಡಳು. ಕಹಿ ಬಿಟ್ಟಿತ್ತು. ಬುಟ್ಟಿ ಎದೆಗವಚಿಕೊಂಡು ಓಡಿ ಬಂದಳು. ಬಾಗಿಲಲ್ಲಿ ಅಚ್ಚುಗ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಕುಂಬಿ ಬಂದರೂ ತಲೆ ಎತ್ತಲಿಲ್ಲ. ಮಗಳ ಮೈ ಆಗಲೇ ತಣ್ಣಗಾಗಿತ್ತು.

ಆ ಗೆಣಸನ್ನು ಪೋಡಿನ ಬೇರೆ ಮಕ್ಕಳು ತಿಂದರು. ಕುಂಬಿಯೇ ಎಲ್ಲರಿಗೂ ಹಂಚಿದಳು. ಒಂದು ಮಗು ಸಾಕು ಅಂದರೂ ಬಿಡದೆ ಅದರ ಕೈಗೆ ಇನ್ನೊಂದು ಹೋಳು ಇಟ್ಟಳು. ತಾನು ಮಾತ್ರ ಒಂದು ಚೂರೂ ತಿನ್ನಲಿಲ್ಲ.

ಅದಕ್ಕೇ ಕೂಸೆ, ಇವತ್ತಿಗೂ ಕಾಡುಗೆಣಸಿನ ಬಳ್ಳಿ ಮೇಲೆ ನೂಲಿನಷ್ಟೇ ಕಾಣುತ್ತದೆ, ಗೆಣಸು ಆಳದಲ್ಲೆಲ್ಲೋ ಅಡಗಿರುತ್ತದೆ. ಅಗೆದು ತಂದು ಹಳ್ಳದಲ್ಲಿ ಕಟ್ಟಿಟ್ಟರೆ, ಮನೆಯಲ್ಲಿ ಎಷ್ಟೇ ಹಸಿವಿರಲಿ, ನೀರು ತನ್ನ ಪಾಡಿಗೆ ನಿಧಾನವಾಗಿಯೇ ಅದರ ಕಹಿ ತೊಳೆಯುತ್ತದೆ.