ಇನ್ನೊಂದು ಬದಿಯಿಂದ ತೋರಿಸಿ

"ಗುರುಗಳೇ, ಆಟದ ಮೈದಾನಕ್ಕೂ ಈಗ ವಿಡಿಯೊ ಬಂದಿದೆ. ನಡೆದದ್ದನ್ನು ಎಷ್ಟು ಸಲ ಬೇಕಾದರೂ ತಿರುಗಿ ನೋಡಬಹುದು. ಇನ್ನು ಅನ್ಯಾಯಕ್ಕೆ ಜಾಗವೆಲ್ಲಿ?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕು ಕತೆ ಹೇಳಿದರು.

ಒಬ್ಬ ಫುಟ್‌ಬಾಲ್ ರೆಫರಿ ಇದ್ದ. ಲಂಚ ಮುಟ್ಟಿದವನಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು. ಒಂದು ಫೈನಲ್ ಪಂದ್ಯದ ಕೊನೆಯ ಗಳಿಗೆ, ಎರಡೂ ತಂಡ ಸಮ. ತನ್ನ ತಂಡದ ಗೋಲನ್ನು ಕಾಯುತ್ತ ಮುಂದೆ ನಿಂತಿದ್ದ ಆಟಗಾರನೊಬ್ಬನಿಗೆ ಚೆಂಡು ಬಡಿಯಿತು. ಕೈಗೆ ತಗುಲಿತು ಎಂದು ರೆಫರಿ ಸೀಟಿ ಊದಿ, ಎದುರು ತಂಡಕ್ಕೆ ಪೆನಾಲ್ಟಿ ಕೊಟ್ಟ. ವಿಡಿಯೊ ಕೋಣೆಯಲ್ಲಿ ಕುಳಿತವರು ಅವನ ಕಿವಿಗೆ ಹೇಳಿದರು: "ಒಮ್ಮೆ ಪರದೆ ನೋಡಿ ಸಾರ್. ತೀರ್ಮಾನ ನಿಮ್ಮದೇ."

ರೆಫರಿ ಮೈದಾನದ ಅಂಚಿನ ಪರದೆಯ ಮುಂದೆ ಹೋಗಿ ನಿಂತ. ಮೊದಲ ನೋಟಕ್ಕೇ ತಿಳಿಯಿತು. ಚೆಂಡು ತಗುಲಿದ್ದು ಎದೆಗೆ. ಅವನ ಮುಖ ಸಪ್ಪಗಾಯಿತು. ಸೇರಿದ ಜನವೆಲ್ಲ ಅವನ ಬೆನ್ನನ್ನೇ ನೋಡುತ್ತಿತ್ತು. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಂಡರೆ ಇವರ ಮುಂದೆ ತಲೆ ಎತ್ತುವುದು ಹೇಗೆ ಎನಿಸಿತು.

"ಇನ್ನೊಂದು ಬದಿಯಿಂದ ತೋರಿಸಿ" ಎಂದ. ತೋರಿಸಿದರು. ಅಲ್ಲಿಯೂ ಎದೆಯೇ. "ಮತ್ತೊಂದು ಬದಿಯಿಂದ." ಹೀಗೆ ಕೇಳುತ್ತಲೇ ಹೋದ. ಕೊನೆಗೆ ಯಾರದೋ ಬೆನ್ನು ಅಡ್ಡ ಬಂದ ಒಂದು ಚಿತ್ರ ಸಿಕ್ಕಿತು. ಅದರಲ್ಲಿ ಚೆಂಡು ಕೈಗೆ ತಗುಲಿದಂತೆಯೂ ಕಾಣುತ್ತಿತ್ತು. "ಇಷ್ಟು ಸಾಕು" ಎಂದು ತಿರುಗಿ ಬಂದು ಮತ್ತೆ ಪೆನಾಲ್ಟಿಯನ್ನೇ ಕೊಟ್ಟ. ಅದು ಗೋಲಾಯಿತು; ಆ ಒಂದು ಗೋಲಿಗೆ ಚೆಂಡು ಬಡಿದ ಆಟಗಾರನ ತಂಡ ಸೋತಿತು.

ಪಂದ್ಯ ಮುಗಿದ ಮೇಲೆ ಆ ಆಟಗಾರ ರೆಫರಿಯ ಬಳಿ ಬಂದ. ಬೈಯಲು ಬಂದ ಎಂದುಕೊಂಡು ರೆಫರಿ ಮೈ ಬಿಗಿ ಹಿಡಿದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಕ್ಷಮಿಸಿ ಸಾರ್. ಎದೆಗೆ ತಗುಲಿತು ಅಂತ ಸುಮ್ಮನೆ ಕೂಗಾಡಿಬಿಟ್ಟೆ. ನೀವು ಅಷ್ಟು ಹೊತ್ತು ನೋಡಿ ಹೇಳಿದಿರಿ ಅಂದಮೇಲೆ ಕೈಗೇ ತಗುಲಿರಬೇಕು. ನಮ್ಮ ಹುಡುಗರ ಹತ್ತಿರವೂ ತಪ್ಪು ಒಪ್ಪಿಕೊಂಡೆ" ಎಂದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕದ ರೂಢಿ. ಇಲ್ಲಿ ಕದಿಯದವನು ತನ್ನ ತೋಳು ಮುಟ್ಟಿ ನೋಡಿಕೊಳ್ಳುತ್ತಿದ್ದ.

ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು ರೆಫರಿಗೆ. ತಪ್ಪು ನನ್ನದಪ್ಪ ಎನ್ನಲು ಬಾಯಿ ತೆರೆದ. ಬಂದ ಮಾತೇ ಬೇರೆ.

"ಇರಲಿ ಬಿಡು. ಮುಂದಿನ ಸಲ ಕೈ ಜೋಪಾನ."

ಆಟಗಾರ ಕೈಮುಗಿದು ಹೋದ. ಆಮೇಲೆ ಅವನ ತಂಡ ಆಡುವ ಕಡೆಗೆ ರೆಫರಿ ತಲೆ ಹಾಕಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಮೊದಲ ಸಲವೇ ನಿಜ ಕಂಡಿತ್ತಲ್ಲ ಗುರುಗಳೇ. ಮತ್ತೆ ಮತ್ತೆ ಯಾಕೆ ನೋಡಿದ?"

"ಕಂಡುಬಿಟ್ಟಿತ್ತಲ್ಲಪ್ಪ, ಅದಕ್ಕೇ" ಎಂದರು ಗುರುಗಳು.