ಬಿಗಿದ ಪಟ್ಟಿ

"ಗುರುಗಳೇ, ನನ್ನ ಕೈಯಿಂದ ಒಬ್ಬರಿಗೆ ಕೇಡಾಯಿತು. ಯಾವ ನದಿಯಲ್ಲಿ ಮಿಂದರೆ ಅದು ಹೋದೀತು?" ಎಂದು ಶಿಷ್ಯನೊಬ್ಬ ಕೇಳಿದ.

"ಪಾಪ, ನದಿಗೆ ಅದೊಂದೇ ಕೆಲಸವೇನಪ್ಪ?" ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಯುದ್ಧದ ಕಾಲ. ಒಬ್ಬ ಸೈನಿಕ ವಿಮಾನ ನೆಲೆಯಲ್ಲಿದ್ದ. ಹಾರುವುದು ಅವನ ಕೆಲಸವಲ್ಲ. ಹಾರುವವನನ್ನು ಆಸನದಲ್ಲಿ ಕೂರಿಸಿ, ಎದೆಯ ಮೇಲೆ ಪಟ್ಟಿ ಬಿಗಿದು, ಭುಜ ತಟ್ಟಿ ಕೆಳಗಿಳಿಯುವುದು ಅವನ ಕೆಲಸ. ಎಳೆಯ ಪೈಲಟ್ ಒಬ್ಬ ದಿನವೂ "ಇನ್ನೊಂಚೂರು ಬಿಗಿ ಅಣ್ಣ" ಎನ್ನುತ್ತಿದ್ದ. ಅಂದೂ ಹಾಗೆಯೇ ಅಂದ. ಇವನು ಬಲವಾಗಿ ಎಳೆದು ಬಿಗಿದ.

ಮಧ್ಯಾಹ್ನ ಆ ವಿಮಾನ ಇಳಿಯುವಾಗ ಒಂದು ಚಕ್ರ ಹೊರಬರಲಿಲ್ಲ. ವಿಮಾನ ನೆಲಕ್ಕೆ ಉಜ್ಜಿ, ವಾಲಿ, ಹೊತ್ತಿಕೊಂಡಿತು. ಸೈನಿಕ ಓಡಿದ. ಬೆಂಕಿ ಹತ್ತಿರ ಬಿಡಲಿಲ್ಲ. ಗಾಜಿನೊಳಗೆ ಹುಡುಗನ ಕೈಗಳು ಎದೆಯ ಪಟ್ಟಿಯನ್ನು ತಡಕಾಡುವುದು ಕಂಡಿತು. ಆಮೇಲೆ ಹೊಗೆ ಮುಚ್ಚಿತು.

ಯುದ್ಧ ಮುಗಿದು ಮನೆಗೆ ಬಂದ ಮೇಲೆ ಅವನ ಕೈ ಏನನ್ನೂ ಬಿಗಿಯಲು ಒಪ್ಪಲಿಲ್ಲ. ಮಗಳ ಜಡೆಗೆ ಕಟ್ಟಿದ ಟೇಪು ಶಾಲೆ ಮುಟ್ಟುವ ಮೊದಲೇ ಬಿಚ್ಚಿಹೋಗುತ್ತಿತ್ತು. ಅಪ್ಪನಿಗೆ ಇಷ್ಟೂ ಬರುವುದಿಲ್ಲ ಎಂದು ಅವಳು ನಗುತ್ತಿದ್ದಳು. ಅವನೂ ನಗುತ್ತಿದ್ದ. ಹನ್ನೊಂದು ವರ್ಷ ಯಾರಿಗೂ ಹೇಳಲಿಲ್ಲ. ಕಂಡ ನದಿಗಳಲ್ಲೆಲ್ಲ ಮಿಂದ. ಕೊನೆಗೆ ತಾಳಲಾರದೆ ಹುಡುಗನ ಊರನ್ನು ಹುಡುಕಿಕೊಂಡು ಹೋದ.

ಹುಡುಗನ ತಾಯಿ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದಳು. ಅವನು ನಿಂತೇ ಎಲ್ಲವನ್ನೂ ಹೇಳಿದ. "ಅಮ್ಮಾ, ಅವತ್ತು ಪಟ್ಟಿ ಬಿಗಿದೋನು ನಾನೇ. ಸ್ವಲ್ಪ ಸಡಿಲ ಬಿಟ್ಟಿದ್ರೆ ನಿಮ್ಮ ಮಗ ಬದುಕ್ತಿದ್ದ."

ಅವಳು ಸೊಪ್ಪನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, "ಎಲ್ಲಿ, ಕೈ ಕೊಡು" ಎಂದಳು. ಹೊಡೆಯುತ್ತಾಳೆ ಎಂದುಕೊಂಡೇ ಅವನು ಎರಡೂ ಕೈ ಚಾಚಿದ. ಅವಳು ಅವನ್ನು ಮಡಿಲಿಗೆ ಎಳೆದುಕೊಂಡು ಒಂದೊಂದೇ ಬೆರಳು ಸವರಿದಳು.

"ಕೊನೇ ದಿನ ನನ್ನ ಮಗೂನ ಮುಟ್ಟಿ ಕಳಿಸೋಕೆ ಯಾರೂ ಇರಲಿಲ್ಲ ಅಂತ ಇಷ್ಟು ವರ್ಷ ಅತ್ತೆನಲ್ಲಪ್ಪ. ನೀನಿದ್ದೆಯಾ? ಯಾಕಪ್ಪ ಇಷ್ಟು ದಿನ ಬರಲಿಲ್ಲ?"

ಕತೆ ಮುಗಿಯಿತು. ಶಿಷ್ಯ ಕಣ್ಣೊರೆಸಿಕೊಂಡು ತಲೆ ತಗ್ಗಿಸಿ ಕುಳಿತ. ಗುರುಗಳು ಅವನ ಹತ್ತಿರ ಸರಿದು ಮೆಲ್ಲಗೆ ಕೇಳಿದರು:

"ನೀನು ಹೋಗಬೇಕಾದ ಮನೆ ಇಲ್ಲಿಂದ ಎಷ್ಟು ದೂರ, ಮಗೂ?"