ಹಕ್ಕಿ ಕಾಯುವವನ ಕವಣೆ

“ಗುರುಗಳೇ, ಕಾಯಲೆಂದೇ ಇರುವವರು ಕೊಲ್ಲತೊಡಗಿದರೆ, ಅಂಥವರು ಇದ್ದು ಏನು ಪ್ರಯೋಜನ?” ಎಂದು ಸಂಗಯ್ಯ ಕೇಳಿದ.

ಗುರುಗಳಿಗೆ ಪಾರ್ಕಿನ್ಸನ್ ಕಾಯಿಲೆ. ಬಲಗೈ ಸುಮ್ಮನಿದ್ದಾಗಲೂ ನಡುಗುತ್ತಿತ್ತು. ಅಂದು ಬೆಳಿಗ್ಗೆ ಸಂಗಯ್ಯನೇ ಅವರನ್ನು ಪಟ್ಟಣದ ವೈದ್ಯರಲ್ಲಿಗೆ ಕರೆದೊಯ್ದಿದ್ದ. ವೈದ್ಯರು ಬಿಡಿಸಿ ಹೇಳಿದ್ದರು: ಮಿದುಳಿನಲ್ಲಿ ಅದನ್ನು ಕಾಯುವ, ಕಸ ತೆಗೆಯುವ ಕಾವಲು ಕಣಗಳಿವೆ. ಕೆಟ್ಟು ಗಂಟುಕಟ್ಟಿದ ಪ್ರೋಟೀನನ್ನು ಕಂಡು ಅವು ಕೆರಳುತ್ತವೆ. ರಕ್ತದ ಕಾವಲು ಕಣಗಳೂ ಬಂದು ಸೇರಿಕೊಳ್ಳುತ್ತವೆ. ಆಗ ಏಳುವ ಉರಿಯೂತದಲ್ಲಿ, ಕೈಕಾಲಿನ ಚಲನೆಯನ್ನು ಹದದಲ್ಲಿಡುವ ನರಕೋಶಗಳೂ ಸಾಯುತ್ತವೆ. ಸತ್ತವು ಮರಳಿ ಬರುವುದಿಲ್ಲ.

“ಬೇಲಿಯೇ ಎದ್ದು ಹೊಲ ಮೇದ ಹಾಗಾಯಿತು. ಆ ಕಣಗಳನ್ನು ಬೇರುಸಹಿತ ಕಿತ್ತುಹಾಕುವ ಮದ್ದು ಇರಬೇಕಿತ್ತು” ಎಂದ ಶಿಷ್ಯ.

ಗುರುಗಳು ನಕ್ಕರು. “ಕಾಯಿಲೆ ನನ್ನದು, ಸಿಟ್ಟು ನಿನ್ನದು. ಕೂತುಕೋ, ಒಂದು ಕತೆ ಕೇಳು.”

ಒಬ್ಬ ರೈತನಿದ್ದ. ಅವನ ಬಿಳಿಜೋಳ ಹಾಲುಗಾಳು ಕಟ್ಟಿತ್ತು. ಮನೆಯ ವರ್ಷದ ಊಟವೆಲ್ಲ ಆ ಹೊಲದಲ್ಲೇ ಇತ್ತು. ಹಕ್ಕಿ ಕಾಯಲು ಅವನು ಒಬ್ಬ ಆಳನ್ನು ಇಟ್ಟ. ಆ ಸೀಮೆಯಲ್ಲಿ ಹಕ್ಕಿ ಕಾಯುವವನಿಗೆ ಎರಡು ಕೆಲಸ. ಹಗಲೆಲ್ಲ ಅಟ್ಟಣೆಯ ಮೇಲೆ ನಿಂತು ಕವಣೆ ಬೀಸಬೇಕು. ಹೊತ್ತು ಮುಳುಗುವ ಮುಂಚೆ ಕೆಳಗಿಳಿದು, ಬಿದ್ದ ತೆನೆಗಳನ್ನು ಆಯ್ದು ಹೊಲದಾಚೆ ಒಯ್ಯಬೇಕು.

ಆಳು ನಂಬಿಕಸ್ಥ. ಎಷ್ಟೋ ದಿನ ಒಂದು ಗುಬ್ಬಿಯನ್ನೂ ಹೊಲದಲ್ಲಿ ಕೂರಲು ಬಿಡಲಿಲ್ಲ. ಒಂದು ಸಂಜೆ ಗಾಳಿಗೆ ನಾಲ್ಕಾರು ದಂಟು ಮುರಿದು ಬಿದ್ದವು. ದಣಿದಿದ್ದ ಆಳು ಅಂದು ಆಯಲಿಲ್ಲ. ಬೆಳಗಾಗುತ್ತಲೇ ಬೆಳವದ ಹಕ್ಕಿಗಳು ಆ ಕಾಳಿಗೆ ಇಳಿದವು. ಅವನು ಕವಣೆ ಬೀಸಿದ. ಹಕ್ಕಿ ನೆಲದಲ್ಲಿದ್ದುದರಿಂದ ಕಲ್ಲು ತಗ್ಗಿನಲ್ಲೇ ಹಾರಿ, ನಿಂತಿದ್ದ ತೆನೆಗಳನ್ನು ಮುರಿಯಿತು. ಮುರಿದ ತೆನೆಗೆ ಇನ್ನಷ್ಟು ಹಕ್ಕಿಗಳು ಬಂದವು. ಇನ್ನಷ್ಟು ಹಕ್ಕಿಗೆ ಇನ್ನಷ್ಟು ಕಲ್ಲು. ಸಾಲದೆಂದು ಪಕ್ಕದ ಹೊಲಗಳ ಕಾವಲಿನವರನ್ನೂ ಕೂಗಿ ಕರೆದ. ಅವರೂ ಬಂದು ದಿಕ್ಕಿಗೊಬ್ಬರಂತೆ ನಿಂತು ಬೀಸಿದರು. ಪಾಪ, ಆಳಿಗೆ ಕೆಳಗಿಳಿಯಲು ಪುರುಸೊತ್ತೇ ಸಿಗಲಿಲ್ಲ. ಎಷ್ಟು ಬೀಸಿದರೆ ಅಷ್ಟು ನಿಯತ್ತು ಎಂದುಕೊಂಡಿದ್ದ.

ರೈತ ಬಂದು ನೋಡಿದಾಗ ಅರ್ಧ ಹೊಲ ನೆಲದ ಮೇಲಿತ್ತು. ಅವನಿಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

“ಹಕ್ಕಿಗಿಂತ ನಿನ್ನ ಕಲ್ಲೇ ಹೆಚ್ಚು ತಿಂದೈತಲ್ಲೋ! ಇಳಿ ಕೆಳಗ. ಇನ್ನ ನನ್ನ ಹೊಲದಾಗ ಕಾಲಿಡಬ್ಯಾಡ” ಎಂದು ಕೂಗಿದ.

ಬುತ್ತಿ ತಂದಿದ್ದ ಅವನ ಹೆಂಡತಿ ತಡೆದಳು. “ಇಂವನ್ನ ಕಳಿಸಿದರ ಉಳಿದದ್ದನ್ನ ನಾಳೆ ಯಾರು ಕಾಯತಾರ? ಇಷ್ಟು ದಿನ ಕಾಳು ಉಳಿದದ್ದು ಯಾರಿಂದ?” ಎಂದು ಗಂಡನಿಗೆ ಹೇಳಿ, ಆಳಿನ ಕಡೆ ತಿರುಗಿದಳು. “ಕವಣೆ ಇತ್ತ ಕೊಡೋ ಯಪ್ಪಾ. ಮೊದಲು ಬಿದ್ದದ್ದನ್ನ ಆಯೋಣು ಬಾ.”

ಪಕ್ಕದ ಹೊಲದವರು ಹಿಂದಿರುಗಿದರು. ಮೂವರೂ ಬಗ್ಗಿ ತೆನೆ ಆಯ್ದರು. ನೆಲ ಬರಿದಾದ ಮೇಲೆ ಬೆಳವಗಳು ಇಳಿಯುವುದು ಕಡಿಮೆಯಾಯಿತು. ಕವಣೆ ಮತ್ತೆ ಆಳಿನ ಕೈಗೆ ಬಂತು. ಮುರಿದ ತೆನೆ ಮತ್ತೆ ನಿಲ್ಲಲಿಲ್ಲ. ಉಳಿದದ್ದು ಮಾಗಿತು. ರಾಶಿಯ ದಿನ ಹೆಂಡತಿ ಮೊದಲ ಮೊರದ ಜೋಳವನ್ನು ಆಳಿನ ಉಡಿಗೆ ಸುರಿದಳು. ರೈತ ಕಣದಲ್ಲಿ ಕೈಮುಗಿದು ನಿಂತ. ನೆಲಕ್ಕೋ, ಆಳಿಗೋ, ಹೆಂಡತಿಗೋ, ಅವನಿಗೂ ತಿಳಿಯಲಿಲ್ಲ. ಮನಸ್ಸು ಮಾತ್ರ ತುಂಬಿತ್ತು.

ಗುರುಗಳು ಕತೆ ಮುಗಿಸಿದರು. “ತಿಳಿದವರು ಈಗ ಹುಡುಕುತ್ತಿರುವುದೂ ಅದನ್ನೇ. ಕಾವಲನ್ನು ಕೊಲ್ಲುವ ಮದ್ದಲ್ಲ, ಶಾಂತವಾಗಿಸುವ ಮದ್ದು. ಸಿಕ್ಕಾಗ ಸಿಗಲಿ. ಹುಡುಕುತ್ತಿದ್ದಾರಲ್ಲ, ಅವರಿಗೂ ನನ್ನ ನಮಸ್ಕಾರ.”

ಶಿಷ್ಯ ಅವರ ನಡುಗುವ ಕೈಯನ್ನು ನೋಡಿದ. ಅವನಿಗೆ ದುಃಖ ತಡೆಯಲಾಗಲಿಲ್ಲ. “ಆದರೆ ನಿಮ್ಮಲ್ಲಿ ಅರ್ಧ ಹೊಲ ಆಗಲೇ ಹೋಗಿದೆಯಲ್ಲ, ಗುರುಗಳೇ?”

“ಉಳಿದ ಅರ್ಧದಿಂದಲೇ ಅಲ್ಲವೇನಪ್ಪಾ, ಇಷ್ಟು ಹೊತ್ತು ನಿನಗೆ ಕತೆ ಹೇಳಿದ್ದು?”